ರಾಜಾತಿಥ್ಯ ಎಷ್ಟು ಮಂದಿಗೆ?

2022ರ ಡಿಸೆಂಬರ್ 31. ಅಂದು ದೇಶದಲ್ಲಿದ್ದ ಜೈಲುಗಳು 1,330. ಅಷ್ಟೂ ಜೈಲುಗಳಲ್ಲಿ ಸೇರಿ 4,36,266 ಮಂದಿಗೆ ಜಾಗವಿದೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿತು. ಅದೇ ದಿನ ಅಲ್ಲಿದ್ದ ವಿಚಾರಣಾಧೀನ ಕೈದಿಗಳು, ಅಂದರೆ ಇನ್ನೂ ತೀರ್ಪು ಬಾರದವರು, 4,34,302. ಕಳೆದರೆ ಉಳಿಯುವುದು 1,964. ವಿಚಾರಣಾಧೀನರನ್ನು ಬಿಟ್ಟು ಉಳಿದ ಎಲ್ಲರನ್ನೂ, ಕೋರ್ಟು ತಪ್ಪಿತಸ್ಥರೆಂದು ಹೇಳಿದ ಕೊಲೆಗಾರರು, ದರೋಡೆಕೋರರು, ಲಂಚಕೋರರು ಯಾರನ್ನೂ ಬಿಡದೆ, ಆ ರಾತ್ರಿಯೇ ಹೊರಗೆ ಕಳಿಸಿದ್ದರೂ ಭಾರತದ ಜೈಲುಗಳಲ್ಲಿ ಖಾಲಿಯಾಗುತ್ತಿದ್ದದ್ದು ಬರೀ 1,964 ಜಾಗ.

ಈ ಸಂಖ್ಯೆಯನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಕಡೆ ಆಗಾಗ ಕೇಳುವ ಮಾತಿಗೆ ಬರೋಣ. ‘ಈಗಿನ ಜೈಲು ಜೈಲೇ ಅಲ್ಲ, ಮಾವನ ಮನೆ. ಹೊತ್ತಿಗೆ ಸರಿಯಾಗಿ ಮುದ್ದೆ, ಟಿವಿ, ದುಡ್ಡಿದ್ದರೆ ಬಿರಿಯಾನಿ. ಇನ್ನು ಕಳ್ಳನಿಗೆ ಭಯ ಎಲ್ಲಿಂದ ಬರಬೇಕು?’ ಮಾತಿಗೆ ಆಧಾರ ಇಲ್ಲದೆ ಇಲ್ಲ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ಒಂದು ಫೋಟೊ ಹೊರಬಂತು. ಕೊಲೆ ಪ್ರಕರಣದ ಆರೋಪಿಯಾಗಿದ್ದ ಜನಪ್ರಿಯ ನಟರೊಬ್ಬರು ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಕಾಫಿ ಮಗ್ ಹಿಡಿದು ರೌಡಿಶೀಟರ್ ಜೊತೆ ಹರಟುತ್ತಿದ್ದರು. ಜೈಲಿನ ಅಧಿಕಾರಿಗಳು, ಸಿಬ್ಬಂದಿ ಅಮಾನತಾದರು, ನಟರು ಬಳ್ಳಾರಿ ಜೈಲಿಗೆ ಹೋದರು. 2025ರ ನವೆಂಬರ್‌ನಲ್ಲಿ ಅದೇ ಜೈಲಿನಿಂದ ಮೊಬೈಲು, ಟಿವಿ, ಕುಣಿತದ ವಿಡಿಯೊಗಳು ಬಂದವು. ‘ರಾಜಾತಿಥ್ಯ’ ಎಂಬ ಪದವಿಲ್ಲದೆ ಕನ್ನಡ ಚಾನೆಲ್ಲುಗಳು ಜೈಲಿನ ಸುದ್ದಿ ಓದುವುದೇ ಕಷ್ಟವಾಗಿದೆ.

ಆದರೆ ಫೋಟೊದ ಚೌಕಟ್ಟಿನೊಳಗೆ ಕೂತವರು ನಾಲ್ವರು. ಚೌಕಟ್ಟಿನ ಹೊರಗೆ, ದೇಶದ ಲೆಕ್ಕದಲ್ಲಿ, 5,73,220 ಮಂದಿ. ಅವರಲ್ಲಿ ಸಾವಿರ ಮಂದಿ ರಾಜರಂತೆ ಬದುಕುತ್ತಿದ್ದಾರೆ ಎಂದೇ ಇಟ್ಟುಕೊಳ್ಳಿ. ಆಗಲೂ 573ರಲ್ಲಿ ಒಬ್ಬರಾಯಿತು. ಉಳಿದ 572 ಮಂದಿ ಹೇಗಿದ್ದಾರೆ?

ಮೊದಲು ಜನಸಂಖ್ಯೆಯ ಅಳತೆ. 4,36,266 ಎಂದರೆ 2011ರ ಜನಗಣತಿಯ ದಾವಣಗೆರೆ ನಗರ. 5,73,220 ಎಂದರೆ ಅದೇ ಜನಗಣತಿಯ ಕಲಬುರಗಿ ನಗರಕ್ಕಿಂತಲೂ ಹೆಚ್ಚು. ದಾವಣಗೆರೆಯವರಿಗೆಂದು ಕಟ್ಟಿದ ಮನೆಗಳೊಳಗೆ ಇಡೀ ಕಲಬುರಗಿಯನ್ನು ತುಂಬಿ ಹೊರಗಿನಿಂದ ಬೀಗ ಹಾಕಿದರೆ ಹೇಗಿರುತ್ತದೋ ಹಾಗೆ. ನೂರು ಜಾಗಕ್ಕೆ 131.4 ಮಂದಿ. ಅದೂ ಸರಾಸರಿ ಮಾತ್ರ. ಉತ್ತರ ಪ್ರದೇಶವೊಂದರಲ್ಲೇ 1.2 ಲಕ್ಷಕ್ಕೂ ಹೆಚ್ಚು ಕೈದಿಗಳು, ಅಲ್ಲಿ ಪ್ರಮಾಣ 180ರ ಹತ್ತಿರ. ಮರುವರ್ಷ ದೇಶದ ಸರಾಸರಿ 121ರ ಆಸುಪಾಸಿಗೆ ಇಳಿಯಿತು, ಸಮಾಧಾನದ ಸಂಗತಿ. ವಿಚಾರಣಾಧೀನರ ಪಾಲು ಮಾತ್ರ ಆಗಲೂ ನೂರಕ್ಕೆ 73ರ ಮೇಲೆಯೇ ಇತ್ತು.

ಇನ್ನು ಒಬ್ಬ ಕೈದಿಯ ಪಾಲಿನ ನೆಲ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಜೈಲು ಕೈಪಿಡಿ ಬ್ಯಾರಕ್ಕಿನಲ್ಲಿ ಮಲಗುವ ಪ್ರತಿ ಕೈದಿಗೆ 3.71 ಚದರ ಮೀಟರ್ ಜಾಗ ಇರಬೇಕು ಎನ್ನುತ್ತದೆ. ಅಂದರೆ 40 ಚದರ ಅಡಿ, ಮನೆಯ ಡಬಲ್ ಕಾಟ್‌ನಷ್ಟು. ಮಲಗುವುದು, ಕೂರುವುದು, ಬಟ್ಟೆಗಂಟು, ತಟ್ಟೆ ಲೋಟ ಇಡುವುದು ಎಲ್ಲ ಅದರಲ್ಲೇ. 100 ಮಂದಿಯ ಜಾಗದಲ್ಲಿ 131 ಮಂದಿ ಇದ್ದರೆ ಈ 40 ಅಡಿ 30ಕ್ಕೆ ಇಳಿಯುತ್ತದೆ. 180 ಮಂದಿ ಇದ್ದರೆ 22ಕ್ಕೆ. ಆರಡಿ ಉದ್ದದ ಮನುಷ್ಯನಿಗೆ ಆಗ ಉಳಿಯುವ ಅಗಲ ಮೂರೂಮುಕ್ಕಾಲು ಅಡಿಗೂ ಕಡಿಮೆ, ಓಡಾಡುವ ದಾರಿಯನ್ನೂ ಅದರಲ್ಲೇ ಸೇರಿಸಿಕೊಂಡು. ಯುರೋಪಿನ ಚಿತ್ರಹಿಂಸೆ ತಡೆ ಸಮಿತಿ ಹಲವರು ಕೂಡಿರುವ ಕೋಣೆಯಲ್ಲಿ ತಲೆಗೆ ಕನಿಷ್ಠ 4 ಚದರ ಮೀಟರ್ ಬೇಕೆನ್ನುತ್ತದೆ. ನಮ್ಮ ಕೈಪಿಡಿಯ ಗುರಿಯೇ ಅದಕ್ಕಿಂತ ಕಡಿಮೆ, ವಾಸ್ತವ ಗುರಿಗಿಂತ ಕಡಿಮೆ.

ಅದೇ ಕೈಪಿಡಿ ಒಂದು ಬ್ಯಾರಕ್ಕಿನಲ್ಲಿ 20ಕ್ಕಿಂತ ಹೆಚ್ಚು ಮಂದಿ ಇರಬಾರದು, ರಾತ್ರಿ ಹೊತ್ತಿಗೆ ಹತ್ತು ಮಂದಿಗೊಂದು ಶೌಚಾಲಯ ಇರಬೇಕು ಎಂದೂ ಹೇಳುತ್ತದೆ. ಎಲ್ಲ ಕಟ್ಟಡಗಳೂ ಕೈಪಿಡಿಯಂತೆಯೇ ಇವೆ ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ಎರಡು ಶೌಚಾಲಯದ ಬ್ಯಾರಕ್ಕು, ಒಳಗೆ 180ರ ಲೆಕ್ಕದಲ್ಲಿ 36 ಮಂದಿ. ಸಂಜೆ ಎಣಿಕೆ ಮುಗಿಸಿ ಬೀಗ ಬಿದ್ದರೆ ತೆಗೆಯುವುದು ಬೆಳಗ್ಗೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಎಲ್ಲರೂ ಮುಗಿಸಬೇಕೆಂದರೆ ಒಬ್ಬನಿಗೆ ಸಿಗುವುದು 3 ನಿಮಿಷ 20 ಸೆಕೆಂಡು. ಹೊಟ್ಟೆ ಕೆಟ್ಟವನೊಬ್ಬ, ಮುದುಕನೊಬ್ಬ ಸಾಲಿನಲ್ಲಿದ್ದರೆ ಮಿಕ್ಕವರ ಪಾಲು ಇನ್ನೂ ಕಡಿಮೆ. ಮಾವನ ಮನೆಯಲ್ಲಿ ಈ ಉಪಚಾರವನ್ನು ಯಾವ ಅಳಿಯನೂ ಎರಡನೇ ದಿನ ಸಹಿಸಲಾರ.

2022ರಲ್ಲಿ ಜೈಲಿನೊಳಗೆ ಸತ್ತವರು 1,995. ದಿನಕ್ಕೆ ಐದಕ್ಕೂ ಹೆಚ್ಚು. ಅವರಲ್ಲಿ 119 ಮಂದಿ ಪ್ರಾಣ ಕಳೆದುಕೊಂಡದ್ದು ತಾವಾಗಿಯೇ. ಅದೇ ವರ್ಷದ ಕೊನೆಗೆ ಅಮ್ಮನ ಜೊತೆ ಜೈಲಿನಲ್ಲೇ ಬೆಳೆಯುತ್ತಿದ್ದ ಮಕ್ಕಳು 1,700ಕ್ಕೂ ಹೆಚ್ಚು.

‘ಕಷ್ಟವಿದ್ದರೆ ಒಳ್ಳೆಯದೇ, ತಪ್ಪು ಮಾಡಿದವರು ಅನುಭವಿಸಲಿ’ ಎನ್ನಬಹುದು. ಅಲ್ಲಿಗೆ ಮೊದಲ ಲೆಕ್ಕಕ್ಕೇ ಬಂದು ನಿಂತೆವು. ಅನುಭವಿಸುತ್ತಿರುವವರಲ್ಲಿ ತಪ್ಪು ಮಾಡಿದ್ದಾರೆಂದು ಕೋರ್ಟು ಹೇಳಿರುವುದು 1,33,415 ಮಂದಿಯ ಬಗ್ಗೆ, ನಾಲ್ಕರಲ್ಲಿ ಒಬ್ಬರ ಬಗ್ಗೆಯೂ ಇಲ್ಲ. ಜಾಗಕ್ಕಿಂತ ಹೆಚ್ಚಾಗಿ ತುರುಕಿದವರ ಸಂಖ್ಯೆಯೇ 1,36,954. ಅಂದರೆ ನಮ್ಮ ಜೈಲುಗಳ ಹೆಚ್ಚುವರಿ ಜನಸಂದಣಿಯೊಂದೇ ಒಟ್ಟು ಸಜಾಬಂಧಿಗಳಿಗಿಂತ ದೊಡ್ಡದು.

ಹತ್ತು ವರ್ಷ ಹಿಂದಕ್ಕೆ ಹೋದರೆ ಈ ಚಿತ್ರ ಹೇಗೆ ತಯಾರಾಯಿತು ಎಂಬುದು ತಿಳಿಯುತ್ತದೆ. 2012ರ ಕೊನೆಯಲ್ಲಿ ಸಜಾಬಂಧಿಗಳು 1,27,789, ವಿಚಾರಣಾಧೀನರು 2,54,857. ಹತ್ತು ವರ್ಷದಲ್ಲಿ ಶಿಕ್ಷೆಯಾದವರ ಸಂಖ್ಯೆ ಹೆಚ್ಚಿದ್ದು 5,626, ತೀರ್ಪಿಗೆ ಕಾಯುವವರ ಸಂಖ್ಯೆ ಹೆಚ್ಚಿದ್ದು 1,79,445. ಒಬ್ಬ ಸಜಾಬಂಧಿ ಹೆಚ್ಚಾದಾಗ 32 ಮಂದಿ ಕಾಯುವವರು ಹೆಚ್ಚಾದರು. ಅದೇ ಅವಧಿಯಲ್ಲಿ ಸರ್ಕಾರಗಳು ಸುಮ್ಮನೆ ಕೂತಿರಲಿಲ್ಲ, 93 ಸಾವಿರ ಮಂದಿಗೆ ಹೊಸ ಜಾಗ ಕಟ್ಟಿದವು. ಆ ಜಾಗವನ್ನೆಲ್ಲ ಕಾಯುವಿಕೆ ನುಂಗಿ, ಮೇಲೆ ಇನ್ನಷ್ಟು ಬೇಡಿತು.

ಕಾಯುವ ಕಾಲವನ್ನು ಕೂಡಿಸಿ ನೋಡಿ. 4,34,302 ಮಂದಿ ಒಂದು ದಿನ ಒಳಗಿದ್ದರೆ ಅಷ್ಟೂ ಮಾನವ ದಿನಗಳು. ವರ್ಷಕ್ಕೆ ಪರಿವರ್ತಿಸಿದರೆ ಸುಮಾರು 1,190 ವರ್ಷ. ಇವತ್ತಿನಿಂದ 1,190 ವರ್ಷ ಹಿಂದಕ್ಕೆ ನಡೆದರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿರುತ್ತಾನೆ. ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರ, ಒಡೆಯರು, ಬ್ರಿಟಿಷರು, ಸ್ವಾತಂತ್ರ್ಯ, ಏಕೀಕರಣ ಎಲ್ಲ ಸೇರಿದ ಅಷ್ಟು ಕಾಲವನ್ನು ತೀರ್ಪಿಲ್ಲದ ಮನುಷ್ಯರು ಬೆಳಗಿನ ಬೀಗ ತೆಗೆಯುವುದರಿಂದ ಮರುಬೆಳಗಿನವರೆಗೆ ಕಳೆದುಬಿಡುತ್ತಾರೆ. ನಾಳೆ ಮತ್ತೆ 1,190. ಇವರಲ್ಲಿ ಐದು ವರ್ಷ ದಾಟಿಯೂ ತೀರ್ಪು ಕಾಣದವರು 11 ಸಾವಿರಕ್ಕೂ ಹೆಚ್ಚು. ಎಲ್ಲರೂ ಅಮಾಯಕರೆಂದಲ್ಲ. ಎಷ್ಟು ಮಂದಿ ಅಮಾಯಕರು ಎಂದು ಹೇಳಬೇಕಾದ ಕೋರ್ಟಿನ ಸರದಿ ಬಂದಿಲ್ಲ, ಅಷ್ಟೇ. ಇನ್ನು ಭಾರತೀಯ ದಂಡ ಸಂಹಿತೆಯ ಪ್ರಕರಣಗಳಲ್ಲಿ 2022ರಲ್ಲಿ ವಿಚಾರಣೆ ಮುಗಿದವುಗಳ ಪೈಕಿ ಶಿಕ್ಷೆಯಾದದ್ದು ನೂರಕ್ಕೆ ಸುಮಾರು 54.

ರಾಜಾತಿಥ್ಯದ ಫೋಟೊ ಈ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ? ಆ ಫೋಟೊದ ಹೊತ್ತಿಗೆ ನಟರೂ ವಿಚಾರಣಾಧೀನರೇ. ಬ್ಯಾರಕ್ಕಿನಲ್ಲಿ ಮೂರಡಿ ಜಾಗಕ್ಕೆ ಜಗಳವಾಡುವ ಹುಡುಗನೂ ವಿಚಾರಣಾಧೀನನೇ. ಕಾನೂನಿನ ಕಣ್ಣಿನಲ್ಲಿ ಇಬ್ಬರಿಗೂ ಒಂದೇ ಸ್ಥಾನ, ನೆಲದ ಮೇಲೆ ಕುರ್ಚಿಗೂ ಚಾಪೆಗೂ ಇರುವ ಅಂತರ. ವಿಚಾರಣಾಧೀನರಲ್ಲಿ ನಾಲ್ವರಲ್ಲಿ ಒಬ್ಬರು ಅನಕ್ಷರಸ್ಥರು, ಇನ್ನೂ ಹತ್ತರಲ್ಲಿ ನಾಲ್ವರು ಎಸ್ಸೆಸ್ಸೆಲ್ಸಿ ಮುಟ್ಟದವರು. ಜೈಲಿನ ಸಿಬ್ಬಂದಿಯ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ 30ರಷ್ಟು ಖಾಲಿ. ಜಾಗ ಕಡಿಮೆ, ಕಾವಲಿನವರು ಕಡಿಮೆ, ಬೇಡಿಕೆ ವಿಪರೀತ. ಇಂಥ ಕಡೆ ಮೂಲೆಯ ಜಾಗ, ಫೋನ್ ಕರೆ, ಬಿಸಿನೀರು, ಸಿಗರೇಟು ಎಲ್ಲಕ್ಕೂ ಬೆಲೆ ಹುಟ್ಟುತ್ತದೆ. ಜೈಲು ಸುಖವಾಗಿರುವುದರಿಂದ ರಾಜಾತಿಥ್ಯ ಹುಟ್ಟಿದ್ದಲ್ಲ. ಜೈಲು ಅಸಹನೀಯವಾಗಿರುವುದರಿಂದ ಅಲ್ಲಿ ಸುಖ ಮಾರಾಟದ ಸರಕಾಯಿತು. 2025ರ ಆಗಸ್ಟ್‌ನಲ್ಲಿ ಆ ನಟರ ಜಾಮೀನು ರದ್ದು ಮಾಡುವಾಗ ಸುಪ್ರೀಂ ಕೋರ್ಟು ವಿಶೇಷ ಸವಲತ್ತು ಕೊಟ್ಟ ಅಧಿಕಾರಿಗಳನ್ನು ಅಮಾನತು ಮಾಡಬೇಕಾಗುತ್ತದೆ ಎಂದು ಎಚ್ಚರಿಸಿದ್ದು ಈ ಮಾರಾಟದ ಬಗ್ಗೆಯೇ.

ಕೈದಿಗಳ ಕೂಲಿಯ ಬಗ್ಗೆಯೂ ತಕರಾರಿದೆ. 2022ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ಕೆಲಸ ಮಾಡುವ ಸಜಾಬಂಧಿಗಳ ದಿನಗೂಲಿಯನ್ನು 524ರಿಂದ 663 ರೂಪಾಯಿವರೆಗಿನ ದರಗಳಿಗೆ ಏರಿಸಿತು. ಹೊರಗಿನ ಎಷ್ಟೋ ಕೂಲಿಕಾರರಿಗೂ ಇಷ್ಟು ಸಿಗುವುದಿಲ್ಲ ಎಂಬ ಸಿಟ್ಟು ಸಹಜ. ಆದರೆ ಈ ಕೂಲಿ ಶಿಕ್ಷೆಗೊಳಗಾಗಿ ದುಡಿಯುವವರಿಗೆ. ಮುಕ್ಕಾಲು ಪಾಲು ಜೈಲಿಗೆ ಇದು ಸಂಬಂಧವೇ ಇಲ್ಲ. ಸಿಟ್ಟಿನ ಹಿಂದಿನ ತರ್ಕವಂತೂ ಹಳೆಯದು. ಸರ್ಕಾರದ ಅನ್ನ ತಿನ್ನುವವನ ಬದುಕು ಹೊರಗಿನ ಅತಿ ಬಡವನ ಬದುಕಿಗಿಂತ ಕೀಳಾಗಿರಬೇಕು ಎಂಬ ಈ ವಾದ ಇಂಗ್ಲೆಂಡಿನ 1834ರ ಬಡವರ ಕಾನೂನಿನ ಬೆನ್ನೆಲುಬು. ನಾಲ್ಕೇ ವರ್ಷದಲ್ಲಿ, 1838ರಲ್ಲಿ, ಮೆಕಾಲೆ ಇದ್ದ ಜೈಲು ಶಿಸ್ತು ಸಮಿತಿ ಭಾರತದ ಜೈಲುಗಳೂ ತಪ್ಪು ಮಾಡುವವರಿಗೆ ಭಯ ಹುಟ್ಟಿಸುವಂತಿರಬೇಕೆಂದು ವರದಿ ಕೊಟ್ಟಿತು. ಬಡವ ಎಷ್ಟು ಬಡವನೋ ಕೈದಿ ಅಷ್ಟಕ್ಕಿಂತ ಕೆಳಗೆ ಎಂಬ ನಿಯಮಕ್ಕೆ ತಳವಿಲ್ಲ.

ಈಗ ಜಗತ್ತಿನ ಇನ್ನೊಂದು ತುದಿ. ನಾರ್ವೆಯ ಹ್ಯಾಲ್ಡನ್ ಜೈಲು 2010ರಲ್ಲಿ ತೆರೆಯಿತು. ಸುಮಾರು 250 ಕೈದಿಗಳಿಗೆ ಕಟ್ಟಿದ ಅದರ ವೆಚ್ಚ 150 ಕೋಟಿ ಕ್ರೋನರ್. ಅಂದಿನ ದರದಲ್ಲಿ ಸಾವಿರ ಕೋಟಿ ರೂಪಾಯಿಗೂ ಹೆಚ್ಚು, ತಲೆಗೆ ನಾಲ್ಕು ಕೋಟಿ. ಒಬ್ಬನಿಗೊಂದು ಕೋಣೆ, 12 ಚದರ ಮೀಟರ್, ಕಂಬಿಯಿಲ್ಲದ ಕಿಟಕಿ, ಫ್ರಿಜ್ಜು, ಟಿವಿ, ಒಳಗೇ ಶೌಚಾಲಯ. ನಮ್ಮ ಎಲ್ಲ ಜೈಲುಗಳ ಒಂದು ವರ್ಷದ ಬಜೆಟ್ಟು 2022-23ರಲ್ಲಿ ಎಂಟು ಸಾವಿರ ಕೋಟಿಯ ಆಚೀಚೆ. ಅಷ್ಟನ್ನೂ ಸುರಿದರೆ ಹೆಚ್ಚೆಂದರೆ ಎಂಟು ಹ್ಯಾಲ್ಡನ್ ಕಟ್ಟಬಹುದು, ಎರಡು ಸಾವಿರ ಮಂದಿಯನ್ನು ಇಡಬಹುದು.

ಇಂಥ ಕಡೆ ಕೈದಿಗಳು ಮತ್ತೆ ಮತ್ತೆ ಬರಬೇಕಲ್ಲವೇ? ನಾರ್ವೆಯಲ್ಲಿ ಬಿಡುಗಡೆಯಾದ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಐವರಲ್ಲಿ ಒಬ್ಬರು. ಅಮೆರಿಕದಲ್ಲಿ 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಹೊರಬಂದ ಸುಮಾರು 4 ಲಕ್ಷ ಮಂದಿಯನ್ನು ಅಲ್ಲಿನ ನ್ಯಾಯ ಇಲಾಖೆ ಹಿಂಬಾಲಿಸಿತು. ಮೂರು ವರ್ಷದಲ್ಲಿ ನೂರಕ್ಕೆ 68, ಒಂಬತ್ತು ವರ್ಷದಲ್ಲಿ 83 ಮಂದಿ ಮತ್ತೆ ಬಂಧನಕ್ಕೊಳಗಾಗಿದ್ದರು. ಒಂದು ಕಡೆ ಶಿಕ್ಷೆಯನ್ನೂ ಇನ್ನೊಂದು ಕಡೆ ಬಂಧನವನ್ನೂ ಎಣಿಸಿದ್ದರಿಂದ ನೇರ ಹೋಲಿಕೆ ತಪ್ಪು. ಆ ತೊಡಕಿಲ್ಲದ ಅಧ್ಯಯನವೊಂದಿದೆ. ನಾರ್ವೆಯಲ್ಲಿ ಪ್ರಕರಣಗಳು ಯಾವ ನ್ಯಾಯಾಧೀಶರ ಮುಂದೆ ಬರುತ್ತವೆ ಎಂಬುದು ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ. ಕೆಲವರು ಬಿಗಿ, ಕೆಲವರು ಸಡಿಲ. ಇದನ್ನು ಬಳಸಿಕೊಂಡು ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಜೈಲಿಗೆ ಹೋದವರು ಐದು ವರ್ಷದೊಳಗೆ ಮತ್ತೆ ಅಪರಾಧ ಮಾಡುವ ಸಾಧ್ಯತೆ, ಅಂಥದೇ ಪ್ರಕರಣದಲ್ಲಿ ಜೈಲು ತಪ್ಪಿಸಿಕೊಂಡವರಿಗಿಂತ 29 ಶೇಕಡಾ ಅಂಶದಷ್ಟು ಕಡಿಮೆ. ಲಾಭವಾದದ್ದು ಮುಖ್ಯವಾಗಿ ಮೊದಲು ಕೆಲಸವಿಲ್ಲದೆ ಇದ್ದವರಿಗೆ. ಒಳಗೆ ಕಲಿತ ಕಸುಬು ಹೊರಗೆ ಅನ್ನ ಕೊಟ್ಟಿತ್ತು. ಅತ್ತ ಅಮೆರಿಕದ ಫೆಡರಲ್ ಜೈಲುಗಳ ಬಗ್ಗೆ 2007ರಲ್ಲಿ ಬಂದ ಅಧ್ಯಯನಕ್ಕೆ ಕಟು ವಾತಾವರಣದಿಂದ ಮರು ಅಪರಾಧ ಕಡಿಮೆಯಾದ ಗುರುತು ಸಿಗಲಿಲ್ಲ. ಹೆಚ್ಚಾಗಿರಬಹುದು ಎಂಬ ಸುಳಿವೇ ಸಿಕ್ಕಿತು.

ಎದುರು ಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಭಯಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. 2003ರಲ್ಲಿ ಸ್ಟೀವನ್ ಲೆವಿಟ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ದಶಕಗಳ ಅಂಕಿಗಳನ್ನು ಹಿಡಿದು, ಜೈಲಿನಲ್ಲಿ ಸಾಯುವವರ ಪ್ರಮಾಣವನ್ನೇ ಜೈಲಿನ ಕ್ರೌರ್ಯದ ಅಳತೆಗೋಲಾಗಿ ಬಳಸಿದರು. ಜೈಲು ಘೋರವಾದಷ್ಟೂ ಹೊರಗೆ ಅಪರಾಧ ಇಳಿಯುತ್ತದೆ ಎಂದು ಕಂಡಿತು. ಎಷ್ಟು? ಜೈಲಿನ ಸಾವು ದುಪ್ಪಟ್ಟಾದರೆ ಅಪರಾಧ ಇಳಿಯುವುದು ನೂರಕ್ಕೆ ಕೆಲವೇ ಅಂಶ. ಅದನ್ನು ನಮ್ಮ ಅಂಕಿಗೆ ಹಚ್ಚಿ: ವರ್ಷಕ್ಕೆ 1,995 ಹೆಣಗಳ ಜಾಗದಲ್ಲಿ ಸುಮಾರು 4,000. ಹೊಸದಾಗಿ ಸಾಯುವ ಎರಡು ಸಾವಿರದಲ್ಲಿ, ಸಾವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಂಚಿಹೋದರೆ, ಒಂದೂವರೆ ಸಾವಿರ ಮಂದಿ ತೀರ್ಪು ಕಾಣದವರು.

ಎಲ್ ಸಾಲ್ವಡಾರ್ ಇನ್ನೂ ದೊಡ್ಡ ಸಾಕ್ಷ್ಯ. ಆ ಪುಟ್ಟ ದೇಶ 2023ರಲ್ಲಿ 40 ಸಾವಿರ ಮಂದಿಯ ದೈತ್ಯ ಜೈಲು ತೆರೆಯಿತು. ಹಾಸಿಗೆಯಿಲ್ಲದ ಲೋಹದ ಅಟ್ಟಣಿಗೆಗಳು, ಆರದ ದೀಪ, ಭೇಟಿ ಇಲ್ಲ. 2015ರಲ್ಲಿ ಲಕ್ಷಕ್ಕೆ 103 ಇದ್ದ ಕೊಲೆ 2024ರಲ್ಲಿ, ಸರ್ಕಾರದ ಲೆಕ್ಕದಂತೆ, 1.9ಕ್ಕೆ ಬಂತು. ಜಗತ್ತು ಬೆರಗಾಗುವ ಇಳಿಕೆ. ಆದರೆ ಅದರ ಕೊನೆಯ ಹಂತ ಬಂದದ್ದು ಹೇಗೆ? ಲಕ್ಷ ಜನರಲ್ಲಿ 1,600ಕ್ಕೂ ಹೆಚ್ಚು ಮಂದಿಯನ್ನು ಒಳಗೆ ಹಾಕಿ. ಅದೇ ಪ್ರಮಾಣ ಇಲ್ಲಿ ಜಾರಿಯಾದರೆ ಭಾರತದ ಕೈದಿಗಳು 2 ಕೋಟಿ 25 ಲಕ್ಷ ದಾಟುತ್ತಾರೆ, ಈಗಿರುವ ಜೈಲುಗಳ 50 ಪಟ್ಟು ಬೇಕು. ಕರ್ನಾಟಕದ ಪಾಲಿಗೆ ಸುಮಾರು 10 ಲಕ್ಷ. 2011ರ ಜನಗಣತಿಯ ಇಡೀ ಮೈಸೂರು ನಗರಕ್ಕೆ ಗೋಡೆ ಕಟ್ಟಿ ಬೀಗ ಹಾಕಿದರೂ ಸಾಲದು. ಅಲ್ಲಿ ಕೆಲಸ ಮಾಡಿದ್ದು ಜೈಲಿನ ಕಷ್ಟದ ಭಯ ಎನ್ನುವುದಕ್ಕಿಂತ, ಮಾಡುವ ಕೈಗಳನ್ನೂ ಮಾಡದ ಎಷ್ಟೋ ಕೈಗಳನ್ನೂ ಒಟ್ಟಿಗೆ ಕಟ್ಟಿಹಾಕಿದ್ದು.

ಭಾರತ ಆ ದಾರಿಯಲ್ಲಿಲ್ಲ. 2022ರ ಕೊನೆಗೆ ಲಕ್ಷಕ್ಕೆ 41 ಮಂದಿಯನ್ನು ಮಾತ್ರ ನಾವು ಜೈಲಿನಲ್ಲಿಟ್ಟಿದ್ದೆವು. ಮೃದುವೆಂದು ಹೆಸರಾದ ನಾರ್ವೆಯೇ 55ರ ಆಸುಪಾಸಿನಲ್ಲಿದೆ. ಇಷ್ಟು ಕಡಿಮೆ ಮಂದಿಯನ್ನಿಟ್ಟೂ ನಮ್ಮ ಜೈಲು ತುಂಬಿ ತುಳುಕುತ್ತಿದೆ, ಏಕೆಂದರೆ ಒಳಗೆ ಹೋಗುವ ಬಾಗಿಲು ಪೊಲೀಸರ ಕೈಯಲ್ಲಿ ಬೇಗ ತೆರೆಯುತ್ತದೆ, ಹೊರಗೆ ಬರುವ ಬಾಗಿಲು ಕೋರ್ಟಿನ ತಾರೀಕುಗಳಲ್ಲಿ ಸಿಕ್ಕಿಕೊಂಡಿದೆ. ದೇಶದ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು 5 ಕೋಟಿಗೂ ಹೆಚ್ಚು, ಜಿಲ್ಲಾ ಮತ್ತು ಕೆಳ ಹಂತದ ಕೋರ್ಟುಗಳ ಕ್ರಿಮಿನಲ್ ಪ್ರಕರಣಗಳೇ 3 ಕೋಟಿ ದಾಟಿವೆ. 10 ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇವತ್ತಿಗೂ ಇರುವುದು 21ರಷ್ಟು.

ಮಿಲಾನಿನ ಚೆಸರೆ ಬೆಕಾರಿಯಾ 26ನೇ ವಯಸ್ಸಿನಲ್ಲಿ, 1764ರಲ್ಲಿ, ವಾದಿಸಿದ್ದು ಇದನ್ನೇ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆ. ಎರಡೂವರೆ ಶತಮಾನದ ನಂತರ ಡೇನಿಯಲ್ ನೇಗಿನ್‌ರಂಥ ಅಪರಾಧಶಾಸ್ತ್ರಜ್ಞರು ಅಂಕಿಅಂಶ ಜಾಲಿಸಿ ಮುಟ್ಟಿದ್ದೂ ಅಲ್ಲಿಗೇ. ನಮ್ಮಲ್ಲಿ ಒಂದು ವರ್ಷದಲ್ಲಿ ಕೋರ್ಟಿನಲ್ಲಿರುವ ಹತ್ತು ಕ್ರಿಮಿನಲ್ ಪ್ರಕರಣಗಳಲ್ಲಿ ಒಂಬತ್ತು ಆ ವರ್ಷದ ಕೊನೆಗೂ ಮುಗಿದಿರುವುದಿಲ್ಲ. ಬೀದಿಯ ಕಳ್ಳನಿಗೆ ಇದು ಪುಸ್ತಕ ಓದದೆಯೂ ಗೊತ್ತು. ದುಡ್ಡಿದ್ದವನಿಗೆ ಜಾಮೀನಿದೆ, ವಾಯಿದೆ ಇದೆ. ಇಲ್ಲದವನಿಗೆ ತಪ್ಪು ಮಾಡಿದರೂ ಜೈಲು, ಮಾಡದಿದ್ದರೂ ಜೈಲು. ಮಾಡಿದವನಿಗೂ ಮಾಡದವನಿಗೂ ಒಂದೇ ಕಷ್ಟ ಹಂಚುವ ಜಾಗದಿಂದ ಮಾಡಬಾರದೆಂಬ ಪಾಠ ಹೊರಡುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಒಂದು ಬಾಗಿಲು ತೆರೆದಿದೆ. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು, ಉಳಿದವರು ಅರ್ಧದಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಅನ್ವಯಿಸದು. ಅರ್ಜಿ ಹಾಕಬೇಕಾದ ಹೊಣೆ ಜೈಲು ಅಧೀಕ್ಷಕರದ್ದೇ. ಹಳೆಯ ಪ್ರಕರಣಗಳಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿತು.

ಕೊನೆಗೊಂದು ಭಾಗಾಕಾರ. ಅಪಾಯಕಾರಿ ಆರೋಪಿಗಳನ್ನು ವಿಚಾರಣೆಗೆ ಮುಂಚೆಯೂ ಒಳಗಿಡಬೇಕಾಗುತ್ತದೆ, ನಿಜ. ಆದರೂ ನಮ್ಮ ಜೈಲುಗಳಲ್ಲಿ ಶಿಕ್ಷೆಯಾದವರು ಮಾತ್ರ ಇದ್ದಾರೆಂದು ಕಲ್ಪಿಸಿ, 4,36,266 ಜಾಗವನ್ನು 1,33,415 ಮಂದಿಗೆ ಹಂಚಿ. ತಲೆಗೆ 3.27 ಜಾಗ. ಒಂದು ಜಾಗಕ್ಕೆ 3.71 ಚದರ ಮೀಟರ್ ಹಿಡಿದರೆ ಪ್ರತಿಯೊಬ್ಬರಿಗೂ 12.1 ಚದರ ಮೀಟರ್. ಹ್ಯಾಲ್ಡನ್ ಜೈಲಿನ ಕೋಣೆ 12. ತಲೆಗೆ ನಾಲ್ಕು ಕೋಟಿ ಸುರಿದು ನಾರ್ವೆ ಕೊಟ್ಟಷ್ಟು ನೆಲವನ್ನು ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡದೆ ನಾವು ಆಗಲೇ ಕಟ್ಟಿಟ್ಟಿದ್ದೇವೆ. ತೀರ್ಪುಗಳು ಬರುತ್ತಿಲ್ಲವಾದ್ದರಿಂದ ಅದು ಕಾಣುತ್ತಿಲ್ಲ. ಜೈಲು ಅತಿ ಸುಖವಾಯಿತೇ ಎಂಬ ಚರ್ಚೆಗೆ ಆ ದಿನ ಅರ್ಥವಿರುತ್ತದೆ. ಅಲ್ಲಿಯವರೆಗೆ ಕೇಳಬೇಕಾದ ಪ್ರಶ್ನೆ ಬ್ಯಾರಕ್ಕಿನ ಬಗ್ಗೆಯಲ್ಲ, ಕೋರ್ಟಿನ ಮುಂದಿನ ತಾರೀಕಿನ ಬಗ್ಗೆ.